ಕಾರಂತರೂ ಕಾಲಗೆಜ್ಜೆಯೂ

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಮಂಗಳೂರು ಸೀಮೆಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆದು, ದೇವರ ಮುಂದಿರಿಸಿ ಪೂಜಿಸಿದ ಬಳಿಕವೇ ಅದು ಮತ್ತೆ ಕಾಲಿಗೇರುವುದು. ಗೆಜ್ಜೆಯನ್ನು ಇಷ್ಟು ಭಕ್ತಿಯಿಂದ ಕಾಣುವ ನಾಡು, ಅದನ್ನು ಕಟ್ಟಿದ ಹೆಣ್ಣನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸಿದ್ದ ಕಾಲವೊಂದಿತ್ತು. ಕೋಟ ಶಿವರಾಮ ಕಾರಂತರು ಬೆಳೆದುದು ಆ ಕಾಲದಲ್ಲಿ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರದ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ತೊರೆದರು. ಖಾದಿ ಪ್ರಚಾರ, ಸಮಾಜಸುಧಾರಣೆಗಳ ಆ ದಿನಗಳಲ್ಲಿ ವೇಶ್ಯಾವೃತ್ತಿಗೆ ಸಿಲುಕಿದ ಹೆಣ್ಣುಗಳ ಪಾಡು ಅವರನ್ನು ಕಾಡಿತು. ‘ಸೂಳೆಯ ಸಂಸಾರ’ ಎಂಬ ಮರುಹೆಸರಿನ ‘ಕನ್ಯಾಬಲಿ’ ಅವರ ತಾರುಣ್ಯದ ಕಾದಂಬರಿ. ಆ ವೃತ್ತಿಯೊಡನೆ ನೃತ್ಯವೂ ತೊಲಗಲೆಂದು ಬಯಸಿದ ಸುಧಾರಕರು ಅಂದು ಕಡಿಮೆಯಿರಲಿಲ್ಲ; ನಮ್ಮ ಜಿಲ್ಲೆ ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ 1932ರ ಹೊತ್ತಿಗೆ ಈ ವಿವಾದ ಪತ್ರಿಕೆಗಳಿಗೂ ಏರಿತ್ತು.

ಕಾರಂತರು ಹಿಡಿದುದು ಬೇರೆ ದಾರಿ. ಹೆಣ್ಣಿಗೆ ಅಂಟಿದ ಕಳಂಕ ಹೋಗಬೇಕು, ಕುಣಿತ ಉಳಿಯಬೇಕು. ಪುತ್ತೂರಿನಲ್ಲಿ ಶಾಲೆಯ ಮಕ್ಕಳಿಗೆ ತಾವೇ ನೃತ್ಯ, ನಾಟಕಗಳನ್ನು ಕಲಿಸಿದರು. ಆ ಶಾಲೆಯ ವಿದ್ಯಾರ್ಥಿನಿಯಾಗಿದ್ದ ಲೀಲಾ ಆಳ್ವರನ್ನೇ 1936ರಲ್ಲಿ ವರಿಸಿದರು. ವರ ಬ್ರಾಹ್ಮಣ, ವಧು ಬಂಟರ ಮನೆಯ ಮಗಳು. ಅದರ ಮೇಲೆ ಕುಣಿತದ ನಂಟು ಬೇರೆ! ಊರಿನ ನಾಲಗೆಗೆ ಇನ್ನೇನು ಬೇಕು?

ಮುಂದೆ ಅವರ ದೃಷ್ಟಿ ಬಯಲಾಟದತ್ತ ಹೊರಳಿತು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಅದರ ಹಿಂದೆಯೂ ಅವರಿದ್ದರು. ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಅರ್ಥಗಾರಿಕೆಯನ್ನು ಕೈಬಿಟ್ಟು, ಹಾಡು ಮತ್ತು ಕುಣಿತಗಳಿಂದಲೇ ಕಥೆ ಹೇಳಿಸಿದರು. ವೇಷಧಾರಿಗಳ ಮಾತಿನ ರುಚಿ ಬಲ್ಲವರಿಗೆ ಇದು ಅಂಗಭಂಗವೆನಿಸಿತು. ಆ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕಲು ನನ್ನಿಂದಲೂ ಆಗದು. ಆದರೆ ಮಾತು ನಿಂತಾಗಲಲ್ಲವೆ ಗೆಜ್ಜೆಯ ದನಿ ಸ್ಪಷ್ಟವಾಗಿ ಕಿವಿಗೆ ಬೀಳುವುದು! ಇಳಿವಯಸ್ಸಿನಲ್ಲಿಯೂ ಅವರು ಕಲಾವಿದರ ನಡುವೆ ನಿಂತು ತಾವೇ ಹೆಜ್ಜೆ ಹಾಕಿ ತೋರಿಸುತ್ತಿದ್ದರು.

ತಾರುಣ್ಯದಲ್ಲಿ ಮರುಗಿದ ಆ ಹೆಣ್ಣನ್ನೂ ಅವರು ಮರೆಯಲಿಲ್ಲ. 1970ರ ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯ ಮಂಜುಳೆ ಬಸರೂರಿನ ವೇಶ್ಯೆ. ಆದರೆ ಈ ಸಲ ಅವಳು ಬಲಿಪಶುವಲ್ಲ. ಕಲಾವಿದೆ, ತನ್ನ ಬಾಳನ್ನು ತಾನೇ ತೂಗಿ ನೋಡಬಲ್ಲ ಧೀರೆ.

ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟಿದ್ದ ದಿನಗಳವು.