ಕಲ್ಲೆಂದು ಬಗ್ಗಿದವನಿಗೆ ಸಿಕ್ಕ ಗಿಡ

1811ರ ಸೆಪ್ಟೆಂಬರ್. ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಸಮೀಪದ ಒಣ ಬಯಲಿನಲ್ಲಿ ಮೂವತ್ತರ ಹರೆಯದ ಆಂಗ್ಲ ಪ್ರವಾಸಿಯೊಬ್ಬ ವಿಚಿತ್ರ ಆಕಾರದ ಬೆಣಚುಕಲ್ಲೊಂದನ್ನು ಎತ್ತಿಕೊಳ್ಳಲು ಬಗ್ಗಿದ. ಕೈಗೆ ಸಿಕ್ಕಿದ್ದು ಕಲ್ಲಲ್ಲ, ಗಿಡ! ಇಂದು ಹವ್ಯಾಸಿಗಳ ಕಿಟಕಿಯಂಚಿನ ಕುಂಡಗಳನ್ನು ಅಲಂಕರಿಸಿರುವ 'ಜೀವಂತ ಕಲ್ಲು' ಸಸ್ಯವಿಜ್ಞಾನಕ್ಕೆ ಪರಿಚಯವಾದದ್ದು ಹೀಗೆ. ಬಗ್ಗಿದಾತ ವಿಲಿಯಂ ಜಾನ್ ಬರ್ಚೆಲ್.

ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಸಸ್ಯೋದ್ಯಮಿಯೊಬ್ಬನ ಮಗನಾಗಿ 1781ರಲ್ಲಿ ಜನಿಸಿದ ಬರ್ಚೆಲ್, 1805ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ತೆರಳಿದ. ಮದುವೆಗೆಂದು 1808ರಲ್ಲಿ ಹಡಗೇರಿ ಬಂದ ವಧು, ಪ್ರಯಾಣದ ನಡುವೆ ಆ ಹಡಗಿನ ಕಪ್ತಾನನನ್ನೇ ವರಿಸಲು ನಿಶ್ಚಯಿಸಿದ್ದಳು. ಬರ್ಚೆಲ್ ಮತ್ತೆಂದೂ ಮದುವೆಯಾಗಲಿಲ್ಲ. 1810ರಲ್ಲಿ ಕೇಪ್ ತಲುಪಿ, ಮರುವರ್ಷ ಎತ್ತಿನ ಬಂಡಿಯಲ್ಲಿ ಒಳನಾಡಿಗೆ ಹೊರಟ. 1815ರಲ್ಲಿ ಮರಳುವಾಗ ಅವನ ಬಳಿ 50,000ಕ್ಕೂ ಹೆಚ್ಚು ಮಾದರಿಗಳಿದ್ದವು.

ಅವನು ಕಂಡ ಗಿಡಕ್ಕೆ ಇರುವುದು ಒಂದು ಜೊತೆ ದಪ್ಪ ಎಲೆ. ದೇಹದ ಹೆಚ್ಚು ಭಾಗ ಮಣ್ಣಿನೊಳಗೆ. ಮೇಲ್ಭಾಗದ ಪಾರದರ್ಶಕ ಕಿಟಕಿಯಿಂದ ಬೆಳಕು ಒಳಗಿಳಿಯುತ್ತದೆ. ವರ್ಷಕ್ಕೊಮ್ಮೆ ಸೀಳಿನಿಂದ ಹೊಸ ಜೋಡಿ ಮೂಡಿ, ಹಳೆಯ ಎಲೆಗಳ ನೀರನ್ನೇ ಕುಡಿದು ಬೆಳೆಯುತ್ತದೆ. ಮನೆಯಲ್ಲಿ ಬೆಳೆಸುವವರು ಎಡವುವುದು ಇಲ್ಲಿಯೇ. ಹಳೆಯ ಎಲೆ ಸುಕ್ಕುಗಟ್ಟಿದ್ದನ್ನು ಕಂಡು ಕನಿಕರದಿಂದ ನೀರೆರೆದರೆ ಗಿಡ ಕೊಳೆಯುತ್ತದೆ. ಹಳೆಯ ಎಲೆ ಕಾಗದದಂತೆ ಒಣಗುವವರೆಗೆ ಕೈಕಟ್ಟಿ ಕುಳಿತಿರಬೇಕು. ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿದ ಮಣ್ಣು, ತಳದಲ್ಲಿ ರಂಧ್ರವಿರುವ ಆಳದ ಕುಂಡ, ಧಾರಾಳ ಬೆಳಕು - ಇಷ್ಟೇ ಅದರ ಬೇಡಿಕೆ.

ಸಹನೆ ಬರ್ಚೆಲ್‌ಗೂ ಅನಿವಾರ್ಯವಾಗಿತ್ತು. ಪ್ರವಾಸಕಥನದ ಎರಡು ಸಂಪುಟಗಳು 1822 ಮತ್ತು 1824ರಲ್ಲಿ ಪ್ರಕಟವಾದರೂ ಕಥನ ಪೂರ್ಣಗೊಳ್ಳಲಿಲ್ಲ. 1825ರಿಂದ 1830ರವರೆಗೆ ಬ್ರೆಜಿಲ್ ಸುತ್ತಿ ತಂದ ಸಂಗ್ರಹವನ್ನು ವಿಂಗಡಿಸುವುದರಲ್ಲೇ ದಶಕಗಳು ಕಳೆದವು. 1834ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಪದವಿ ನೀಡಿತಾದರೂ, ಅವನು ಬಯಸಿದ ಮನ್ನಣೆ ದೊರೆಯಲಿಲ್ಲ. ಏಕಾಂಗಿಯಾಗುತ್ತಾ ಹೋದ ಬರ್ಚೆಲ್, 1863ರ ಮಾರ್ಚ್‌ನಲ್ಲಿ ಫುಲ್ಹ್ಯಾಮ್‌ನ ಮನೆಯಲ್ಲಿ ತಾನೇ ಬದುಕಿಗೆ ಕೊನೆ ಹೇಳಿಕೊಂಡ.

ಅವನ ಸಸ್ಯಸಂಗ್ರಹವನ್ನು ಸಹೋದರಿ ಕ್ಯೂ ಉದ್ಯಾನಕ್ಕೆ ಒಪ್ಪಿಸಿದಳು. ಅದೇ ಕ್ಯೂನಲ್ಲಿ ದುಡಿದ ಎನ್.ಇ. ಬ್ರೌನ್, 1922ರಲ್ಲಿ ಈ ಗಿಡಗಳಿಗೆ 'ಲಿಥಾಪ್ಸ್' ಎಂಬ ಪ್ರತ್ಯೇಕ ಕುಲವನ್ನೇ ರಚಿಸಿದ. ಕಲ್ಲಿನ ರೂಪದ್ದು ಎಂಬುದು ಆ ಗ್ರೀಕ್ ಮೂಲದ ಹೆಸರಿನ ಅರ್ಥ. ಬರ್ಚೆಲ್ ಬಗ್ಗಿ ನೋಡಿ ಆಗಲೇ 111 ವರ್ಷಗಳಾಗಿದ್ದವು.