ಐದು ವರ್ಷ ಸೆರೆ, ನಾಲ್ಕು ಸಲ ಪರಾರಿ ಯತ್ನ: 'ಡಾನ್ ಕ್ವಿಕ್ಸೋಟ್' ಬರೆದವನ ಅಲ್ಜೀರ್ಸ್ ದಿನಗಳು

ಗಾಳಿಯಂತ್ರಗಳನ್ನು ರಾಕ್ಷಸರೆಂದು ತಿಳಿದು ಈಟಿ ಹಿಡಿದು ನುಗ್ಗಿದ ಡಾನ್ ಕ್ವಿಕ್ಸೋಟ್‌ನ ಕಥೆ ಶಾಲೆಯ ದಿನಗಳಲ್ಲೇ ಬಹುತೇಕರ ಕಿವಿಗೆ ಬಿದ್ದಿರುತ್ತದೆ. ಅದನ್ನು ಬರೆದ ಮಿಗೆಲ್ ದೆ ಸರ್ವಾಂಟಿಸ್ ಐದು ವರ್ಷ ಕಾಲಿಗೆ ಬೇಡಿ ಹಾಕಿಸಿಕೊಂಡು ಶತ್ರುಗಳ ಊರಿನಲ್ಲಿ ಕೈದಿಯಾಗಿದ್ದ ಎಂಬುದು ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ.

ಸರ್ವಾಂಟಿಸ್ ಹುಟ್ಟಿದ್ದು 1547ರಲ್ಲಿ, ಮ್ಯಾಡ್ರಿಡ್ ಹತ್ತಿರದ ಅಲ್ಕಲಾ ದೆ ಎನಾರೆಸ್‌ನಲ್ಲಿ. ತಂದೆ ಶಸ್ತ್ರವೈದ್ಯ. ಗಾಯಕ್ಕೆ ಕಟ್ಟು ಕಟ್ಟುವ, ಮುರಿದ ಮೂಳೆ ಕೂಡಿಸುವ ಕೆಲಸ. ಸಂಪಾದನೆಗಿಂತ ಸಾಲವೇ ಹೆಚ್ಚು. ಮಗ ಇಟಲಿಗೆ ಹೋಗಿ ಸ್ಪೇನ್ ಸೇನೆಗೆ ಸೇರಿದ. 1571ರ ಅಕ್ಟೋಬರ್ 7ರಂದು ಲೆಪಾಂಟೋ ಬಳಿ ಆಟೋಮನ್ ನೌಕಾಪಡೆಯ ವಿರುದ್ಧ ದೊಡ್ಡ ಕಾಳಗ ನಡೆದಾಗ ಅವನಿಗೆ ಜ್ವರ. ಕೆಳಗೆ ಮಲಗಿರು ಎಂದರೂ ಕೇಳದೆ ಹಡಗಿನ ಮೇಲೆ ನಿಂತು ಕಾದಿದ. ಎದೆಗೆ ಎರಡು ಗುಂಡು ಬಿದ್ದವು. ಮೂರನೆಯದು ಎಡಗೈಯನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿತು.

ನಾಲ್ಕು ವರ್ಷಗಳ ನಂತರ ತಮ್ಮ ರೋಡ್ರಿಗೋ ಜತೆ 'ಸೋಲ್' ಎಂಬ ಹಡಗಿನಲ್ಲಿ ನೇಪಲ್ಸ್‌ನಿಂದ ಊರಿಗೆ ಹೊರಟ. 1575ರ ಸೆಪ್ಟೆಂಬರ್ 26ರಂದು, ಸ್ಪೇನ್ ಕರಾವಳಿ ಇನ್ನೇನು ಬಂತು ಎನ್ನುವಾಗ, ಅಲ್ಜೀರ್ಸ್‌ನ ಕಡಲ್ಗಳ್ಳರು ಹಡಗನ್ನು ಸುತ್ತುವರಿದರು. ಆಗ ಅಲ್ಜೀರ್ಸ್ ಆಟೋಮನ್ ಸುಲ್ತಾನನ ಅಧೀನದಲ್ಲಿತ್ತು. ಸ್ಪೇನಿಗೂ ಸುಲ್ತಾನನಿಗೂ ಯುದ್ಧವಿದ್ದುದರಿಂದ ಹೀಗೆ ಹಿಡಿಯುವುದು ಎರಡೂ ಕಡೆಯವರಿಗೆ ಯುದ್ಧವೂ ಹೌದು, ವ್ಯಾಪಾರವೂ ಹೌದು.

ಜೇಬಿನಲ್ಲಿದ್ದ ಪತ್ರಗಳೇ ಮುಳುವಾದವು

ಸೇನಾಪತಿ ಡಾನ್ ಹುವಾನ್ ಹಾಗೂ ಸೆಸ್ಸಾದ ಡ್ಯೂಕ್ ಬರೆದುಕೊಟ್ಟ ಶಿಫಾರಸು ಪತ್ರಗಳು ಸರ್ವಾಂಟಿಸ್ ಬಳಿ ಇದ್ದವು. ಊರಿಗೆ ಹೋಗಿ ಒಳ್ಳೆಯ ಹುದ್ದೆ ಗಿಟ್ಟಿಸಲು ಇಟ್ಟುಕೊಂಡ ಕಾಗದಗಳವು. ಅವನ್ನು ನೋಡಿದ ದಾಲಿ ಮಾಮಿ ಎಂಬ ಹಡಗಿನ ನಾಯಕ, ಯಾರೋ ಭಾರಿ ಕುಳ ಸಿಕ್ಕಿದ್ದಾನೆ ಎಂದುಕೊಂಡ. ಬಿಡುಗಡೆಯ ಬೆಲೆ 500 ಚಿನ್ನದ ಎಸ್ಕುಡೋ ಎಂದು ನಿಗದಿಯಾಯಿತು. ಸಾಲದಲ್ಲಿದ್ದ ಶಸ್ತ್ರವೈದ್ಯನ ಮನೆಯವರು ಅಷ್ಟು ಹಣವನ್ನು ಕಣ್ಣಾರೆ ಕಂಡಿರಲಿಲ್ಲ.

ಕೈದಿಗಳನ್ನು ಇಡುತ್ತಿದ್ದ ದೊಡ್ಡ ಆವರಣಗಳಿಗೆ 'ಬಾನ್ಯೋ' ಎಂಬ ಹೆಸರು. ಅಲ್ಜೀರ್ಸ್‌ನಲ್ಲಿ ಆಗ 25 ಸಾವಿರದಷ್ಟು ಕ್ರೈಸ್ತ ಕೈದಿಗಳಿದ್ದರೆಂದು ಆ ಕಾಲದ ಒಂದು ಗ್ರಂಥ ಲೆಕ್ಕ ಹೇಳುತ್ತದೆ. ಬಡ ಕೈದಿಗಳು ಹಡಗಿನ ಹುಟ್ಟು ಹಾಕಬೇಕು, ಕಲ್ಲು ಹೊರಬೇಕು. ಹಣ ಬರುವ ನಿರೀಕ್ಷೆ ಇದ್ದವರಿಗೆ ದುಡಿಮೆಯಿಲ್ಲ, ಆದರೆ ಸರಪಳಿ ಉಂಟು.

ಸರ್ವಾಂಟಿಸ್ ಮಾತ್ರ ಸುಮ್ಮನೆ ಕೂರುವ ಆಸಾಮಿಯಲ್ಲ. ಮೊದಲ ವರ್ಷವೇ ಕೆಲವರನ್ನು ಕೂಡಿಸಿಕೊಂಡು ಸ್ಪೇನ್ ವಶದಲ್ಲಿದ್ದ ಓರಾನ್ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟ. ದಾರಿ ತೋರಿಸಲು ಬಂದವನು ನಡುದಾರಿಯಲ್ಲೇ ಕೈಬಿಟ್ಟ. ವಾಪಸ್ ಬರದೆ ಗತಿಯಿರಲಿಲ್ಲ.

1577ರಲ್ಲಿ ಮನೆಯವರು ಹೊಂದಿಸಿದ ಹಣ ಒಬ್ಬನಿಗಷ್ಟೇ ಸಾಲುವಂತಿತ್ತು. ತಮ್ಮ ಬಿಡುಗಡೆಯಾದ. ಅವನು ಕಳಿಸುವ ಹಡಗಿಗಾಗಿ ಹತ್ತಾರು ಕೈದಿಗಳು ಊರಾಚೆಯ ತೋಟವೊಂದರ ಗುಹೆಯಲ್ಲಿ ತಿಂಗಳುಗಟ್ಟಲೆ ಅಡಗಿ ಕುಳಿತರು. ಅವರಿಗೆ ಊಟ ಮುಟ್ಟಿಸುವ ಏರ್ಪಾಡು ಸರ್ವಾಂಟಿಸ್‌ನದು. ಹಡಗು ಬಂತು, ಆದರೆ ದಡ ಮುಟ್ಟಲಾಗಲಿಲ್ಲ. ಅಷ್ಟರಲ್ಲಿ ಒಳಗಿನವನೊಬ್ಬ ಗುಟ್ಟು ಬಿಟ್ಟುಕೊಟ್ಟಿದ್ದ. ಸೈನಿಕರು ಬಂದಾಗ ಸರ್ವಾಂಟಿಸ್ ಮುಂದೆ ಬಂದು, ಎಲ್ಲವೂ ತನ್ನದೇ ಯೋಜನೆ, ಉಳಿದವರ ತಪ್ಪಿಲ್ಲ ಎಂದು ಒಪ್ಪಿಕೊಂಡ. ಅವನಿಗೆ ಸಿಕ್ಕಿದ್ದು ಸರಪಳಿ ಮತ್ತು ಸೆರೆಕೋಣೆ. ಅಡಗಲು ಜಾಗ ಕೊಟ್ಟ ತೋಟದ ಮಾಲಿ ಹುವಾನ್‌ನನ್ನು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿ ಕೊಂದರು.

ಮರುವರ್ಷ ಓರಾನ್‌ನ ಅಧಿಕಾರಿಗೆ ಸಹಾಯ ಕೋರಿ ಗುಟ್ಟಾಗಿ ಪತ್ರ ಕಳಿಸಿದ. ಒಯ್ದ ಮೂರ್ ಜನಾಂಗದ ದೂತ ಸಿಕ್ಕಿಬಿದ್ದ. ಅವನನ್ನು ಶೂಲಕ್ಕೇರಿಸಿದರು, ಸಾಯುವವರೆಗೂ ಅವನು ಬಾಯಿ ಬಿಡಲಿಲ್ಲ. ಸರ್ವಾಂಟಿಸ್‌ಗೆ ಎರಡು ಸಾವಿರ ಏಟಿನ ಶಿಕ್ಷೆ ಘೋಷಣೆಯಾಯಿತು, ಜಾರಿಯಾಗಲಿಲ್ಲ.

1579ರ ನಾಲ್ಕನೇ ಯತ್ನ ಎಲ್ಲಕ್ಕಿಂತ ದೊಡ್ಡದು. ವೆಲೆನ್ಸಿಯಾದ ವರ್ತಕನೊಬ್ಬನ ಹಣದಲ್ಲಿ ಹಡಗು ಕೊಂಡು ಸುಮಾರು 60 ಮಂದಿಯನ್ನು ದಾಟಿಸುವ ಯೋಜನೆ. ಇದನ್ನು ದೊರೆಗೆ ತಿಳಿಸಿದವನು ಹುವಾನ್ ಬ್ಲಾಂಕೋ ದೆ ಪಾಜ್, ಅವನೂ ಸ್ಪೇನಿನ ಕೈದಿಯೇ, ಮೇಲಾಗಿ ಪಾದ್ರಿ. ಇನಾಮಾಗಿ ಅವನಿಗೆ ಸಿಕ್ಕಿದ್ದು ಒಂದು ಚಿನ್ನದ ನಾಣ್ಯ, ಒಂದು ಜಾಡಿ ಬೆಣ್ಣೆ! ಈ ಸಲವೂ ಸರ್ವಾಂಟಿಸ್ ತಾನೇ ಬಂದು ಶರಣಾದ. ಕೊರಳಿಗೆ ಹಗ್ಗ ಬಿಗಿದು ಬೆದರಿಸಿದರೂ ಜತೆಗಾರರ ಹೆಸರು ಹೇಳಲಿಲ್ಲ.

ಅಲ್ಜೀರ್ಸ್ ಆಳುತ್ತಿದ್ದ ಹಸನ್ ಪಾಷಾ ಕ್ರೂರಿ ಎಂದೇ ಹೆಸರಾದವನು. ಅಂಥವನು ಈ ಒಂಟಿಗೈಯವನನ್ನು ಮತ್ತೆ ಮತ್ತೆ ಏಕೆ ಜೀವಸಹಿತ ಬಿಟ್ಟ ಎಂಬುದರ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. 500 ಎಸ್ಕುಡೋ ಕೈತಪ್ಪುತ್ತದೆಂಬ ಲೆಕ್ಕಾಚಾರವೂ ಇದ್ದಿರಬಹುದು. ಮಾಲಿಗೂ ದೂತನಿಗೂ ಅಂಥ ಬೆಲೆ ಇರಲಿಲ್ಲ.

ಇತ್ತ ಮ್ಯಾಡ್ರಿಡ್‌ನಲ್ಲಿ ತಾಯಿ ಲಿಯೊನೋರ್ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದಳು. ನೆರವು ಸಿಗಲೆಂದು ಗಂಡ ಬದುಕಿದ್ದಾಗಲೇ ತಾನು ವಿಧವೆ ಎಂದು ಬರೆಸಿಕೊಟ್ಟಳು. ಅಕ್ಕ ಆಂದ್ರೆಯಾ ತನ್ನ ಪಾಲು ಸೇರಿಸಿದಳು. ಆ ಹಣ ಹಿಡಿದು ಕೈದಿಗಳನ್ನು ಬಿಡಿಸುವ ಟ್ರಿನಿಟೇರಿಯನ್ ಪಂಥದ ಸನ್ಯಾಸಿ ಹುವಾನ್ ಹಿಲ್ ಅಲ್ಜೀರ್ಸ್‌ಗೆ ಬಂದ. ಅವನು ಬಿಡಿಸಬೇಕೆಂದಿದ್ದ ಪಲಫೋಕ್ಸ್ ಎಂಬ ಇನ್ನೊಬ್ಬ ಗಣ್ಯ ಕೈದಿಗೆ ಹಸನ್ ಸಾವಿರ ಎಸ್ಕುಡೋ ಕೇಳಿದ. ಅಷ್ಟು ಇರಲಿಲ್ಲ. ಅಷ್ಟರಲ್ಲಿ ಹಸನ್‌ನ ಅಧಿಕಾರಾವಧಿ ಮುಗಿದು, ಅವನ ಹಡಗುಗಳು ಕಾನ್‌ಸ್ಟಾಂಟಿನೋಪಲ್‌ಗೆ ಹೊರಟು ನಿಂತಿದ್ದವು. ಸರ್ವಾಂಟಿಸ್ ಬೇಡಿ ಸಮೇತ ಅದರಲ್ಲಿದ್ದ. ಅಲ್ಲಿಗೆ ಹೋದವರು ಮರಳುವುದು ಅಪರೂಪ. ಸನ್ಯಾಸಿ ಕಡಿಮೆ ಬಿದ್ದ ಹಣವನ್ನು ಬೇರೆ ನಿಧಿಯಿಂದ ತುಂಬಿಸಿ 500 ಎಸ್ಕುಡೋ ಎಣಿಸಿಕೊಟ್ಟ. ಅದು 1580ರ ಸೆಪ್ಟೆಂಬರ್ 19.

ಸೆರೆಯಿಂದ ಕಥೆಗೆ

ಬಿಡುಗಡೆಯಾದರೂ ಅವನು ತಕ್ಷಣ ಹಡಗು ಹತ್ತಲಿಲ್ಲ. ಬ್ಲಾಂಕೋ ದೆ ಪಾಜ್ ಅವನ ವಿರುದ್ಧ ಆರೋಪ ಪಟ್ಟಿ ಮಾಡುತ್ತಿದ್ದ. ಅದಕ್ಕೆ ಉತ್ತರವಾಗಿ ಸರ್ವಾಂಟಿಸ್ ತನ್ನ ಸೆರೆವಾಸದ ನಡತೆ ಕುರಿತು ಸಹಕೈದಿಗಳ ಹೇಳಿಕೆಗಳನ್ನು ದಾಖಲು ಮಾಡಿಸಿದ. ಮೇಲಿನ ವಿವರಗಳಲ್ಲಿ ಬಹಳಷ್ಟು ತಿಳಿದಿರುವುದು ಆ ಕಾಗದಗಳಿಂದಲೇ. ತನ್ನ ಪರವಾಗಿ ತಾನೇ ಮಾಡಿಸಿಕೊಂಡ ದಾಖಲೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಅದರಲ್ಲಿ ಒಂದು ಸಾಕ್ಷ್ಯ ಮನಸ್ಸಿನಲ್ಲಿ ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಸರಪಳಿಯಲ್ಲಿದ್ದ ಅಂತೋನಿಯೋ ದೆ ಸೋಸಾ ಎಂಬ ಪಾದ್ರಿಯ ಬಳಿಗೆ ಸರ್ವಾಂಟಿಸ್ ಬಂದು, ತಾನು ಬರೆದ ಪದ್ಯಗಳನ್ನು ತೋರಿಸುತ್ತಿದ್ದನಂತೆ. ಆ ಸೋಸಾನೂ ಅಲ್ಜೀರ್ಸ್ ಬಗ್ಗೆ ಕೂತು ಬರೆಯುತ್ತಿದ್ದವನು. 1612ರಲ್ಲಿ ಬೇರೊಬ್ಬರ ಹೆಸರಿನಲ್ಲಿ ಅಚ್ಚಾದ ಅಲ್ಜೀರ್ಸ್ ಚರಿತ್ರೆ ಅವನದೇ ಎಂದು ಈಗ ಬಹುಮಂದಿ ಒಪ್ಪುತ್ತಾರೆ.

ಊರಿಗೆ ಮರಳಿದ ಮೇಲೆ ಸರ್ವಾಂಟಿಸ್ ಅಲ್ಜೀರ್ಸ್ ಕೈದಿಗಳ ಬಗ್ಗೆ ನಾಟಕ ಬರೆದ. 'ಲೋಸ್ ಬಾನ್ಯೋಸ್ ದೆ ಅರ್ಹೆಲ್' ಎಂಬ ನಾಟಕದಲ್ಲಂತೂ ಕೈದಿಗಳೇ ಸೆರೆಯೊಳಗೆ ನಾಟಕ ಆಡುವ ದೃಶ್ಯವಿದೆ. ತನ್ನ ಹೆಸರಿಗೆ 'ಸಾವೆದ್ರಾ' ಎಂದು ಸೇರಿಸಿಕೊಂಡದ್ದೂ ಸೆರೆವಾಸದ ನಂತರವೇ.

1605ರಲ್ಲಿ ಬಂದ 'ಡಾನ್ ಕ್ವಿಕ್ಸೋಟ್' ಮೊದಲ ಭಾಗದಲ್ಲಿ 39ರಿಂದ 41ನೇ ಅಧ್ಯಾಯದವರೆಗೆ ನಾಯಕ ಹಿನ್ನೆಲೆಗೆ ಸರಿಯುತ್ತಾನೆ. ಛತ್ರಕ್ಕೆ ಬಂದ ಮಾಜಿ ಕೈದಿಯೊಬ್ಬ ಊಟದ ನಂತರ ತನ್ನ ಕಥೆ ಹೇಳುತ್ತಾನೆ. ಎಲ್ಲರೂ ಸುತ್ತ ಕೂತು ಕೇಳುತ್ತಾರೆ. ಬಾನ್ಯೋದ ಅಂಗಳ, ಎತ್ತರದ ಕಿಟಕಿಯಿಂದ ಕೋಲಿಗೆ ಕಟ್ಟಿ ಇಳಿಬಿಟ್ಟ ನಾಣ್ಯದ ಗಂಟು, ಕಳಿಸಿದ ಶ್ರೀಮಂತರ ಮಗಳು ಜೊರೈದಾ, ರಾತ್ರಿಯ ಹಡಗು. ಕಥೆಯ ಕೈದಿ ಪಾರಾಗುತ್ತಾನೆ. ಬರೆದವನಿಗೆ ನಾಲ್ಕು ಸಲವೂ ಆಗದ ಕೆಲಸ ಅದು. ನಡುವೆ ಸಾವೆದ್ರಾ ಎಂಬ ಸೈನಿಕನೊಬ್ಬ ಬಂದು ಹೋಗುತ್ತಾನೆ. ಸ್ವಾತಂತ್ರ್ಯಕ್ಕಾಗಿ ಏನೇನೋ ಸಾಹಸ ಮಾಡಿದರೂ ಹಸನ್ ಅವನ ಮೈಮುಟ್ಟಲಿಲ್ಲ ಎಂದಷ್ಟೇ ಹೇಳಿ ಕಥೆಗಾರ ಮುಂದೆ ಸಾಗುತ್ತಾನೆ. ಸ್ವಂತ ಪಾಡನ್ನು ಸರ್ವಾಂಟಿಸ್ ಮುಗಿಸಿದ್ದು ಕೆಲವೇ ಸಾಲುಗಳಲ್ಲಿ.

ಸರ್ಕಾರ ಅವನ ತ್ಯಾಗಕ್ಕೆ ಬೆಲೆ ಕೊಡಲಿಲ್ಲ. 1590ರಲ್ಲಿ ಅಮೆರಿಕದ ವಸಾಹತುಗಳಲ್ಲಿ ಕೆಲಸ ಕೇಳಿ ಅರ್ಜಿ ಹಾಕಿದಾಗ, ಇಲ್ಲೇ ಏನಾದರೂ ನೋಡಿಕೋ ಎಂಬ ಉತ್ತರ ಬಂತು. ತೆರಿಗೆ ಲೆಕ್ಕ ಹೊಂದದೆ 1597ರಲ್ಲಿ ಸೆವಿಲ್ ಜೈಲು ಸೇರಿದ. ಈ ಬಾರಿ ಬೇಡಿ ಹಾಕಿದ್ದು ಸ್ವದೇಶದವರೇ.

1616ರ ಏಪ್ರಿಲ್ 22ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಟ್ರಿನಿಟೇರಿಯನ್ ಸನ್ಯಾಸಿನಿಯರ ಮಠದಲ್ಲಿ. 36 ವರ್ಷಗಳ ಹಿಂದೆ ಅಲ್ಜೀರ್ಸ್‌ನಲ್ಲಿ 500 ಎಸ್ಕುಡೋ ಎಣಿಸಿಕೊಟ್ಟ ಹುವಾನ್ ಹಿಲ್ ಅದೇ ಪಂಥದವನು.