ಊರೂರಿಗೆ ಬಂದ ಕಣ್ಣಿನ ಡಾಕ್ಟರು: ಡಾ. ಎಂ. ಸಿ. ಮೋದಿ

ಕರ್ನಾಟಕದ ಹಳ್ಳಿಗಳಲ್ಲಿ ಕಣ್ಣಿನ ಪೊರೆ ತೆಗೆಸುವ ಮಾತು ಬಂದಾಗ ಹಿರಿಯರ ಬಾಯಲ್ಲಿ ತಾನಾಗಿಯೇ ಬರುತ್ತಿದ್ದ ಹೆಸರು ಮೋದಿ ಡಾಕ್ಟರದು. ನಮ್ಮ ಶಾಲೆಯಲ್ಲಿ ಮೊದಮೊದಲು ಕಲಿತವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ, ಪೊರೆ ಬರುವ ವಯಸ್ಸಿಗೆ ಬಂದಿದ್ದಾರೆ. ಅವರಿಗೂ, ಇಂದು ತರಗತಿಯಲ್ಲಿ ಕುಳಿತಿರುವ ಅವರ ಮೊಮ್ಮಕ್ಕಳಿಗೂ ಈ ಮಹನೀಯರ ಪರಿಚಯ ಇರಲೆಂದು ಈ ಲೇಖನ.

ಮುರುಗಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದ್ದು ಬೀಳಗಿಯಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ. ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯಂತೆಯೇ ಅದೂ ಮಳೆ ಕಡಿಮೆಯ, ಜೋಳ ನಂಬಿದ ನಾಡು. ಅವರು ಬೆಳಗಾವಿಯಲ್ಲಿ ಆಯುರ್ವೇದ ವೈದ್ಯ ಶಿಕ್ಷಣ ಪಡೆದು, ಮುಂದೆ ಕಣ್ಣಿನ ಚಿಕಿತ್ಸೆಯನ್ನೇ ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು. 1942ರ ಚಲೇಜಾವ್ ಚಳವಳಿಯ ದಿನಗಳಲ್ಲಿ ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದರು. ಪಟ್ಟಣದಲ್ಲಿ ದವಾಖಾನೆ ತೆರೆದು ರೋಗಿಗಳಿಗಾಗಿ ಕಾಯುವ ಬದಲು ಹಳ್ಳಿಯ ಬಡವರ ಬಳಿಗೆ ತಾವೇ ಹೋಗಬೇಕೆಂದು ನಿಶ್ಚಯಿಸಿದರು. 1943ರಿಂದ ಅವರ ಉಚಿತ ಸಂಚಾರಿ ಕಣ್ಣಿನ ಚಿಕಿತ್ಸೆ ಆರಂಭವಾಯಿತು.

ಆ ನಿಶ್ಚಯದ ಬೆಲೆ ತಿಳಿಯಬೇಕಾದರೆ ಅಂದಿನ ಹಳ್ಳಿಯ ಸ್ಥಿತಿ ನೆನೆಯಬೇಕು. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ತೊಗಲಲ್ಲ. ಕಣ್ಣಿನೊಳಗಿರುವ, ಗಾಜಿನಂತೆ ತಿಳಿಯಾದ ಮಸೂರವೇ ವಯಸ್ಸಾದಂತೆ ಮಂಜಾಗುವುದು. ಯಾವ ಹನಿ ಔಷಧಿಯಿಂದಲೂ ಅದು ಕರಗದು, ತೆಗೆಯಲೇ ಬೇಕು. ತೆಗೆಯಬಲ್ಲ ವೈದ್ಯರಿದ್ದದ್ದು ದೊಡ್ಡ ಊರುಗಳಲ್ಲಿ. ಕುರುಡು ಮುದುಕನನ್ನು ಬಂಡಿ ಹೂಡಿ ಕರೆದೊಯ್ಯಲು ಒಬ್ಬ ಆಳು ಬೇಕು, ಅಲ್ಲಿ ಉಳಿಯಲು ಹಣ ಬೇಕು, ಇತ್ತ ಹೊಲದ ಕೆಲಸ ನಿಲ್ಲಬೇಕು. ಆದ್ದರಿಂದ ಮುಪ್ಪಿಗೆ ಕಣ್ಣು ಹೋಗುವುದು ಸಹಜವೆಂದು ಮನೆಯವರು ಸುಮ್ಮನಾಗುತ್ತಿದ್ದರು. ಗುಣವಾಗಬಹುದಾದ ಕಣ್ಣುಗಳು ದಾರಿ ಖರ್ಚಿಲ್ಲದೆ ಕತ್ತಲಲ್ಲೇ ಉಳಿಯುತ್ತಿದ್ದವು.

ಮೋದಿಯವರು ಈ ಲೆಕ್ಕವನ್ನು ತಿರುಗಿಸಿದರು. ನೂರು ಜನ ರೋಗಿಗಳು ಪಟ್ಟಣಕ್ಕೆ ಹೋಗುವುದಕ್ಕಿಂತ ಒಬ್ಬ ವೈದ್ಯ ತನ್ನ ಸಿಬ್ಬಂದಿಯೊಡನೆ ಊರಿಗೆ ಬರುವುದು ಸುಲಭ. ಅಂದಿನ ಕಣ್ಣಿನ ಶಿಬಿರಗಳಲ್ಲಿ ಶಾಲೆ, ಛತ್ರಗಳ ಕೋಣೆಗಳೇ ವಾರ್ಡುಗಳಾಗುತ್ತಿದ್ದವು. ಊಟದ ವ್ಯವಸ್ಥೆ ಊರವರದು, ರೋಗಿಗಳ ಸೇವೆ ಸ್ವಯಂಸೇವಕರದು. ಮೊದಲು ತಪಾಸಣೆ ನಡೆಸಿ ಆಪರೇಷನ್ನಿಗೆ ತಕ್ಕವರನ್ನು ಆರಿಸುತ್ತಿದ್ದರು. ಸಹಾಯಕರು ಕಣ್ಣು ತೊಳೆದು, ಮರಗಟ್ಟುವ ಮದ್ದು ಕೊಟ್ಟು ಸಾಲುಮೇಜುಗಳ ಮೇಲೆ ಮಲಗಿಸುತ್ತಿದ್ದರು. ಡಾಕ್ಟರರು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಪೊರೆ ತೆಗೆಯುತ್ತಿದ್ದರು. ವೈದ್ಯನ ಒಂದು ನಿಮಿಷವೂ ವ್ಯರ್ಥವಾಗದಂತೆ ಉಳಿದವರೆಲ್ಲ ಕೆಲಸ ಹಂಚಿಕೊಳ್ಳುವುದೇ ಆ ವೇಗದ ಗುಟ್ಟು.

ಅಂದಿನ ವಿಧಾನದಲ್ಲಿ ಮಂಜಾದ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಪಟ್ಟಿ ಕಟ್ಟಿದ ಮೇಲೆ ರೋಗಿ ಅಲುಗಾಡದೆ ಕೆಲವು ದಿನ ಮಲಗಿರಬೇಕಿತ್ತು. ಆಮೇಲೆ ದಪ್ಪ ಗಾಜಿನ ಕನ್ನಡಕ ಬರುತ್ತಿತ್ತು. ಅದನ್ನು ಹಾಕಿದ ಅಜ್ಜನ ಕಣ್ಣು ನಮಗೆ ದೊಡ್ಡದಾಗಿ ಕಾಣುತ್ತಿದ್ದದ್ದು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. ಆ ಕನ್ನಡಕವಿದ್ದರೆ ಮೊಮ್ಮಗನ ಮುಖ ಕಾಣುತ್ತಿತ್ತು, ಕೋಲಿನ ಆಸರೆಯಿಲ್ಲದೆ ಹೊಲದ ದಾರಿ ಸಿಗುತ್ತಿತ್ತು.

ತಿರುಪತಿಯಲ್ಲಿ 1968ರಲ್ಲಿ ಒಂದೇ ದಿನ 833 ಮಂದಿಗೆ ಪೊರೆ ತೆಗೆದದ್ದು ಮೋದಿಯವರ ಹೆಸರನ್ನು ಗಿನ್ನೆಸ್ ದಾಖಲೆ ಪುಸ್ತಕಕ್ಕೆ ಸೇರಿಸಿತು. ಅದೇ ಪುಸ್ತಕದ ಲೆಕ್ಕದಂತೆ 1993ರ ಫೆಬ್ರವರಿಯವರೆಗೆ ಅವರು ಭೇಟಿ ಕೊಟ್ಟ ಹಳ್ಳಿಗಳು 46,120, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಐವತ್ತು ವರ್ಷಗಳಿಗೆ ಭಾಗಿಸಿದರೆ, ಹಬ್ಬ ಹುಣ್ಣಿಮೆ ಎನ್ನದೆ ದಿನಕ್ಕೆ ಮೂವತ್ಮೂರು ಆಪರೇಷನ್ನುಗಳಾದವು. ಭಾರತ ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿ ಗೌರವಿಸಿತು. ಬೆಂಗಳೂರಿನಲ್ಲಿ ಅವರು ಕಣ್ಣಿನ ಆಸ್ಪತ್ರೆ ಕಟ್ಟಿದರು. ಅಲ್ಲಿನ ಬಸ್ ನಿಲ್ದಾಣಕ್ಕೆ ಇಂದಿಗೂ ಮೋದಿ ಆಸ್ಪತ್ರೆ ಎಂದೇ ಹೆಸರು. 2005ರ ನವೆಂಬರ್ 11ರಂದು, ತೊಂಬತ್ತರ ಸಮೀಪದಲ್ಲಿ, ಅವರು ತೀರಿಕೊಂಡರು.

ಕಾಲ ಬದಲಾಗಿದೆ. ಛತ್ರದ ಕೋಣೆಯಲ್ಲಿ ಒಮ್ಮೆಗೇ ಬಹಳ ಜನರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಒಂದೆಡೆ ನಂಜು ಸೇರಿದರೆ ಹಲವರ ಕಣ್ಣು ಹೋಗುವ ಅಪಾಯವಿದೆ. ಆದ್ದರಿಂದ ಈಗ ಶಿಬಿರದಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪೊರೆ ಚಿಕಿತ್ಸೆ ಉಚಿತವಾಗಿ ಸಿಗುತ್ತದೆ. ಮಂಜಾದ ಮಸೂರದ ಜಾಗದಲ್ಲಿ ಕೃತಕ ಮಸೂರ ಕೂರಿಸುವುದರಿಂದ ದಪ್ಪ ಕನ್ನಡಕ ಬೇಕಿಲ್ಲ. ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಬರುತ್ತಾರೆ.

ಆದರೂ ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಕಡೆಯ ಮನೆಗಳಲ್ಲಿ ಇಂದಿಗೂ ಒಂದು ಹಳೆಯ ಮಾತು ಕೇಳುತ್ತೇವೆ: ಪೊರೆ ಇನ್ನೂ ಮಾಗಿಲ್ಲ, ಮಾಗಲಿ. ಅದು ಹಳೆಯ ವಿಧಾನದ ಕಾಲದ ಮಾತು. ಈಗ ಮಾಗುವವರೆಗೆ ಕಾಯಬೇಕಾಗಿಲ್ಲ. ಬಹಳ ಬಲಿತರೆ ಕಣ್ಣಿನೊಳಗೆ ಒತ್ತಡ ಏರಿ ನೋವು, ಕೆಂಪು ಕಾಣಿಸಿಕೊಳ್ಳಬಹುದು. ಇನ್ನೊಂದು ಅಪಾಯವೂ ಉಂಟು. ಪೊರೆಯೆಂದು ತಿಳಿದದ್ದು ಗ್ಲಾಕೋಮಾ ಆಗಿದ್ದರೆ ಕಣ್ಣಿನ ನರವೇ ಸಾಯುತ್ತದೆ, ಹೋದ ದೃಷ್ಟಿ ಮರಳಿ ಬಾರದು. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಪರದೆ ನೋವಿಲ್ಲದೆಯೇ ಹಾಳಾಗುತ್ತದೆ. ಆದ್ದರಿಂದ ನಲವತ್ತು ದಾಟಿದವರು ಕಣ್ಣು ತೋರಿಸಿಕೊಳ್ಳಬೇಕು, ಸಕ್ಕರೆ ಇರುವವರು ವರ್ಷಕ್ಕೊಮ್ಮೆ ತಪ್ಪದೆ ತೋರಿಸಬೇಕು.

ಒಕ್ಕಲಿನ ಕಾಲದಲ್ಲಿ ಹೊಟ್ಟು, ಸೊಪ್ಪೆಯ ಚೂರು ಕಣ್ಣಿಗೆ ಬಿದ್ದಾಗ ಉಜ್ಜಬಾರದು. ಎಲೆರಸ, ಎದೆಹಾಲು ಹಿಂಡಬಾರದು. ಶುದ್ಧ ನೀರಿನಿಂದ ತೊಳೆದು, ನೋವು ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ನಂಜು ಸೇರಿಯೇ ಎಷ್ಟೋ ರೈತರ ಕರಿಗುಡ್ಡೆಗೆ ಹೂ ಬೀಳುವುದು. ಇರುಳುಗಣ್ಣು ಬಾರದಂತೆ ಮಕ್ಕಳಿಗೆ ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಎ ಜೀವಸತ್ವದ ದ್ರಾವಣ ಹಾಕಿಸಬೇಕು. ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆ ತಿನ್ನಿಸಬೇಕು. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸುವ ಮೊದಲು ಅದರ ಕಣ್ಣು ಪರೀಕ್ಷಿಸಬೇಕು. ಒಂದು ಕನ್ನಡಕದಿಂದ ಆ ಮಗುವಿನ ಓದು ಉಳಿಯಬಹುದು.

ಮೋದಿಯವರ ಕಾಲದಲ್ಲಿ ವೈದ್ಯರು ಊರಿಗೆ ಬರಬೇಕಿತ್ತು. ಈಗ ಆಸ್ಪತ್ರೆಗೆ ಬಸ್ಸಿದೆ, ಚಿಕಿತ್ಸೆ ಉಚಿತವಿದೆ. ಕೊರತೆಯಿರುವುದು ಮುದುಕರ ಕೈಹಿಡಿದು ಕರೆದೊಯ್ಯುವವರದು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಉಳಿದವರು ಇಬ್ಬರು ಮುದುಕರು. ಸುವರ್ಣ ಮಹೋತ್ಸವಕ್ಕೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ಎರಡು ದಿನ ಹೆಚ್ಚು ಉಳಿದು ತಮ್ಮ ತಾಯಿ ತಂದೆಯರನ್ನೂ, ಪಕ್ಕದ ಮನೆಯ ಒಬ್ಬ ಹಿರಿಯರನ್ನೂ ಕಣ್ಣು ತಪಾಸಣೆಗೆ ಕರೆದುಕೊಂಡು ಹೋಗಲಿ ಎಂಬುದು ನಮ್ಮ ವಿನಂತಿ.